ವಿವರವಾಗಿ ಮೇಲ್ ಬರೆದರೂ ಉತ್ತರ ಯಾಕೆ ಬರುವುದಿಲ್ಲ?

‘ಆಫೀಸಿನಲ್ಲಿ ಎಲ್ಲ ವಿವರ ಹಾಕಿ ಮೇಲ್ ಬರೆಯುತ್ತೇನೆ. ಆದರೂ ಉತ್ತರ ಬರುವುದಿಲ್ಲ, ಬಂದರೆ ನಾನೇನು ಮಾಡಬೇಕು ಅಂತ ಕೇಳುತ್ತಾರೆ. ನನ್ನ ಭಾಷೆ ಸರಿಯಿಲ್ವಾ?’ ಅಂತ ಕೇಳಿದ್ದೀರಿ. ಭಾಷೆಯ ಮೇಲೆ ತಪ್ಪು ಹೊರಿಸಬೇಡಿ. ನನಗೂ ವರ್ಷಗಟ್ಟಲೆ ಹೀಗೇ ಆಗುತ್ತಿತ್ತು. ಬರೆಯುವ ಕ್ರಮದಲ್ಲಿ ಎಡವಟ್ಟಿತ್ತು.

ಕೆಲಸ ಹೇಗೆ ನಡೆಯಿತೋ ಹಾಗೇ ಬರೆಯುವುದು ನಮ್ಮ ಅಭ್ಯಾಸ. ಮೊದಲು ಹೀಗಾಯಿತು, ಆಮೇಲೆ ಅವರು ಹೀಗಂದರು, ನಾವು ಪರೀಕ್ಷಿಸಿ ನೋಡಿದೆವು, ಹಾಗಾಗಿ ಈಗ ಇದು ಬೇಕು. ಓದುವವರಿಗೆ ಬೇಕಿರುವುದು ಆ ಕಟ್ಟಕಡೆಯ ಮಾತು. ಅವರೋ ಎರಡು ಮೀಟಿಂಗ್ ನಡುವೆ ಫೋನಿನಲ್ಲಿ ಮೇಲ್ ತೆರೆದಿರುತ್ತಾರೆ. ಕೊನೆಯವರೆಗೆ ಬರುವುದೇ ಇಲ್ಲ.

ಒಮ್ಮೆ ಸಾಫ್ಟ್‌ವೇರ್ ಲೈಸೆನ್ಸ್ ನವೀಕರಿಸಲು ಮೇಲಿನವರ ಒಪ್ಪಿಗೆ ಬೇಕಿತ್ತು. ಸಬ್ಜೆಕ್ಟ್‌ನಲ್ಲಿ ‘ಲೈಸೆನ್ಸ್ ವಿಚಾರ’ ಅಂತ ಹಾಕಿದೆ. ಮೇಲ್ ಶುರುವಾಗಿದ್ದು ‘ತಮಗೆ ತಿಳಿದಿರುವಂತೆ ಕಳೆದ ತಿಂಗಳ ಸಭೆಯಲ್ಲಿ’ ಅಂತ. ಶುಕ್ರವಾರದೊಳಗೆ ಒಪ್ಪಿಗೆ ಕೊಡಿ ಅನ್ನುವ ಮಾತು ಹನ್ನೆರಡನೇ ಸಾಲಿನಲ್ಲಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ. ಸೋಮವಾರ ಬೆಳಿಗ್ಗೆ ಇಡೀ ಟೀಮ್ ಲಾಗಿನ್ ಆಗಲಾಗದೆ ಕೂತಿತ್ತು. ಇವತ್ತು ಅದೇ ಮೇಲ್ ಬರೆಯುವುದಾದರೆ ಸಬ್ಜೆಕ್ಟ್ ಹೀಗಿರುತ್ತದೆ: ‘ಶುಕ್ರವಾರ ಸಂಜೆ 5ರೊಳಗೆ ನಿಮ್ಮ ಒಪ್ಪಿಗೆ ಬೇಕು: ಲೈಸೆನ್ಸ್ ನವೀಕರಣ.’ ಒಳಗೆ: ‘ನಮ್ಮ 40 ಲೈಸೆನ್ಸ್ ಶನಿವಾರ ಮುಗಿಯುತ್ತವೆ. ನವೀಕರಿಸಲು ನಿಮ್ಮ ಒಪ್ಪಿಗೆ ಬೇಕು. ಆಗದಿದ್ದರೆ ಸೋಮವಾರ ಯಾರಿಗೂ ಕೆಲಸ ಮಾಡಲಾಗುವುದಿಲ್ಲ. ಹಿಂದಿನ ಮಾತುಕತೆ ಕೆಳಗಿದೆ.’ ಇಷ್ಟೇ. ಉಳಿದ ವಿವರ ಬೇಕಾದವರು ಕೆಳಗೆ ಹೋಗಿ ಓದುತ್ತಾರೆ.

ಮುಖ್ಯವಾದದ್ದು ಕೆಳಗೆ ಉಳಿದರೆ ಏನಾಗಬಹುದು ಅನ್ನುವುದಕ್ಕೆ ನನ್ನ ಮನಸ್ಸಿನಿಂದ ಹೋಗದ ಉದಾಹರಣೆ ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆಯದು. 2003ರ ಜನವರಿಯಲ್ಲಿ ಅದು ಮೇಲೇರುವಾಗ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಿತ್ತು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿರುವಾಗಲೇ ಎಂಜಿನಿಯರ್‌ಗಳು ನಾಸಾದ ಅಧಿಕಾರಿಗಳಿಗೆ ಸ್ಲೈಡ್‌ಗಳನ್ನು ತೋರಿಸಿದರು. ಅದರಲ್ಲಿ ಒಂದು ಸ್ಲೈಡಿನ ತಲೆಬರಹ ಓದಿದರೆ ಗಾಬರಿಪಡುವಂಥದ್ದೇನೂ ಇಲ್ಲ ಅನ್ನಿಸುತ್ತಿತ್ತು. ತೀರಾ ಕೆಳಗಿನ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ನಿಜವಾದ ಸುದ್ದಿ ಇತ್ತು: ಫೋಮ್ ಬಡಿದರೆ ಏನಾಗುತ್ತದೆ ಅಂತ ಹಿಂದೆ ಪರೀಕ್ಷೆ ಮಾಡಿದ್ದು 3 ಘನ ಇಂಚಿನ ತುಂಡಿನಿಂದ, ಈಗ ಲೆಕ್ಕಕ್ಕೆ ಹಿಡಿದದ್ದು 1920 ಘನ ಇಂಚು. ಅಂದರೆ 640 ಪಟ್ಟು ದೊಡ್ಡದು! ಹಳೆಯ ಪರೀಕ್ಷೆಯನ್ನು ನಂಬುವ ಹಾಗೇ ಇಲ್ಲ ಅಂತ ಆ ಸಂಖ್ಯೆಯೇ ಹೇಳುತ್ತಿತ್ತು. ಫೆಬ್ರವರಿ 1ರಂದು ಮರಳುವಾಗ ನೌಕೆ ಒಡೆದು ಏಳು ಜನ ಸತ್ತರು. ಅದಕ್ಕೆ ಕಾರಣ ಆ ಸ್ಲೈಡ್ ಅಂತ ನಾನು ಹೇಳುತ್ತಿಲ್ಲ, ಒಡೆದದ್ದು ರೆಕ್ಕೆ. ಆದರೆ ಅದನ್ನು ಓದಿದ ಹಿರಿಯ ಅಧಿಕಾರಿಗೆ ಇದು ಜೀವದ ಪ್ರಶ್ನೆ ಅಂತ ಹೊಳೆಯದೇ ಇರಬಹುದು ಅಂತ ತನಿಖಾ ಮಂಡಳಿಯೇ ಬರೆಯಿತು. ಆ 640ನ್ನು ಯಾರಾದರೂ ತಲೆಬರಹಕ್ಕೆ ತಂದಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇನ್ನು ಪದಗಳ ವಿಚಾರ. ‘ಆದಷ್ಟು ಬೇಗ’ ಅಂದರೆ ನಿಮಗೆ ಇವತ್ತು, ಅವರಿಗೆ ಮುಂದಿನ ವಾರ. ‘ಗಮನಿಸಲಾಗುವುದು’ ಅಂತ ಬರೆದರೆ ಯಾರು ಗಮನಿಸುತ್ತಾರೆ? ಕರ್ಮಣಿ ಪ್ರಯೋಗದಲ್ಲಿ ಕೆಲಸ ಮಾಡುವವರೇ ಮಾಯ. ಅಂಥ ಕಡೆ ಒಂದು ಹೆಸರು, ಒಂದು ದಿನಾಂಕ ಹಾಕಿ. ದಿನಾಂಕವನ್ನೂ 03/04 ಅಂತ ಹಾಕಬೇಡಿ. ಅಮೆರಿಕದವರು ಅದನ್ನು ಮಾರ್ಚ್ 4 ಅಂತ ಓದುತ್ತಾರೆ, ಬ್ರಿಟನ್ನಿನವರು ಏಪ್ರಿಲ್ 3 ಅಂತ. ತಿಂಗಳ ಹೆಸರನ್ನೇ ಬರೆದರೆ ಮುಗಿಯಿತು, ಅಲ್ವಾ?

ನಾಲ್ಕು ಜನರನ್ನು ‘ಟು’ನಲ್ಲಿ ಹಾಕಿ ‘ದಯವಿಟ್ಟು ನೋಡಿ’ ಅಂದರೆ ಬೇರೆಯವರು ನೋಡುತ್ತಾರೆ ಅಂತ ನಾಲ್ವರೂ ಸುಮ್ನೆ ಇರುತ್ತಾರೆ. ಮಾಡಬೇಕಾದವರು ಮಾತ್ರ ‘ಟು’ನಲ್ಲಿರಲಿ. ತಿಳಿದಿರಲಿ ಅನ್ನುವವರು ಸಿಸಿಗೆ.

ನೇರವಾಗಿ ಬರೆದರೆ ಒರಟು ಅನ್ನಿಸುತ್ತದೆ ಅಂತ ಅಂಜಬೇಡಿ. ‘ನಮಸ್ಕಾರ’ ಒಂದು ಸಾಲು, ಕೊನೆಗೆ ‘ಧನ್ಯವಾದ’ ಒಂದು ಸಾಲು. ಓದುವವರ ಹತ್ತು ನಿಮಿಷ ಉಳಿಸುವುದೂ ಮರ್ಯಾದೆಯೇ. ಒರಟಾಗುವುದು ಸಿಟ್ಟಿನಲ್ಲಿ ಬರೆದಾಗ. ಆಗ ‘ಟು’ ಖಾಲಿ ಬಿಟ್ಟು ಬರೆಯಿರಿ, ಮರುದಿನ ಬೆಳಿಗ್ಗೆ ಓದಿ. ನಾನು ಹಾಗೆ ಬರೆದ ಮೇಲ್‌ಗಳಲ್ಲಿ ಜಾಸ್ತಿ ಪಾಲು ಹೋಗಲೇ ಇಲ್ಲ, ಅದಕ್ಕೆ ಒಮ್ಮೆಯೂ ಬೇಜಾರಾಗಿಲ್ಲ.

ಒಂದೇ ವಿಷಯಕ್ಕೆ ಮೂರು ಸಲ ಮೇಲ್ ಹೋಗಿ ಬಂದರೆ ನಿಲ್ಲಿಸಿ, ಫೋನ್ ಮಾಡಿ. ಮಾತು ಮುಗಿದ ಮೇಲೆ ‘ನಾವು ಒಪ್ಪಿದ್ದು ಇದು, ನಾನು ಇದನ್ನು ಮಾಡುತ್ತೇನೆ, ನೀವು ಅದನ್ನು’ ಅಂತ ಎರಡು ಸಾಲು ಬರೆದು ಕಳಿಸಿ. ಮೂರು ತಿಂಗಳ ನಂತರ ಎಲ್ಲರೂ ಹುಡುಕುವುದು ಆ ಎರಡು ಸಾಲನ್ನೇ.