ಎಸ್‌ಡಿಎಂಸಿಗೆ ನಿಲ್ಲಬೇಕಾ? ನಿಂತರೆ ಅಲ್ಲಿ ಏನು ಕೆಲಸ?

ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಕ್ಲಾಸು, ಹೆಡ್‌ಮಾಸ್ಟರು "ಈ ಸಲ ಎಸ್‌ಡಿಎಂಸಿಗೆ ನೀವು ಬನ್ನಿ" ಅಂದಿದ್ದಾರೆ, ಯಜಮಾನರು "ಹೆಸರು ನೀನು ಕೊಡು, ಸಭೆಗೆ ನಾನು ಹೋಗ್ತೀನಿ" ಅಂತಿದ್ದಾರೆ ಎಂದು ಬರೆದಿದ್ದೀರಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅನ್ನುವ ಈ ಪೋಷಕರ ಸಮಿತಿಯಲ್ಲಿ ಏನಾದರೂ ಅಧಿಕಾರ ಇದೆಯಾ, ಇಲ್ಲ ಆಗಸ್ಟ್ 15ಕ್ಕೆ ಧ್ವಜದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳೋದಷ್ಟೇನಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಒಂದು ಅವಧಿ ಸದಸ್ಯೆಯಾಗಿ, ಆಮೇಲೆ ಅಧ್ಯಕ್ಷೆಯಾಗಿ ಕೆಲಸ ಮಾಡಿದವಳು. ನಿಲ್ಲಿ ಅಂತಲೇ ಹೇಳುತ್ತೇನೆ. ಆದರೆ ಸಭೆಗೆ ನೀವೇ ಹೋಗುವುದಾದರೆ ಮಾತ್ರ. ಯಜಮಾನರಿಗೆ ಅಷ್ಟು ಆಸಕ್ತಿ ಇದ್ದರೆ ಅವರೂ ಪೋಷಕರೇ, ಅವರ ಹೆಸರನ್ನೇ ಕೊಡಲಿ. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಎಂದು ಕಾನೂನು ಮಾಡಿದ್ದು ಗಂಡಂದಿರು ಬಂದು ಕೂರಲಿ ಅಂತಲ್ಲ. ನಮ್ಮಲ್ಲೂ ಮೊದಲ ಕೆಲವು ಸಭೆಗಳಲ್ಲಿ ಹೆಂಡತಿ ಹೆಸರಿನ ಮುಂದೆ ಗಂಡ ಸಹಿ ಹಾಕುವ ಪದ್ಧತಿ ಇತ್ತು. ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಕರೆಯುವುದು ಬಿಟ್ಟು, ಕೂಲಿ ಮುಗಿಸಿ ಬರುವವರಿಗೂ ಆಗುವ ಹಾಗೆ ಸಂಜೆಗೆ ಇಟ್ಟ ಮೇಲೆ ಹೆಂಗಸರೇ ಬರತೊಡಗಿದರು. ಅವರು ಬಂದ ಮೇಲೆಯೇ ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಕಿತ್ತುಹೋಗಿರುವ ವಿಷಯ ಸಭೆಯಲ್ಲಿ ಎದ್ದಿದ್ದು. ಅಲ್ಲಿಯವರೆಗೆ ಅದು ಯಾವ ಗಂಡಸಿನ ಕಣ್ಣಿಗೂ ಬಿದ್ದಿರಲಿಲ್ಲ.

ಈ ಸಮಿತಿ ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ತಿಳಿದುಕೊಂಡಿರಿ, ಮಾತಾಡುವಾಗ ಬಲ ಬರುತ್ತದೆ. ಅಣುವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿದ ಮೇಲೆ 2001ರಲ್ಲಿ ಸರ್ಕಾರಿ ಆದೇಶದ ಮೂಲಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಶುರುವಾದವು. ಅಂದರೆ ಇಡೀ ದೇಶಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲೇ ನಮ್ಮ ರಾಜ್ಯದಲ್ಲಿ ಇದು ಇತ್ತು. 2009ರ ಆ ಕಾಯ್ದೆಯ 21ನೇ ಸೆಕ್ಷನ್ ಇದಕ್ಕೆ ಕಾನೂನಿನ ಬಲ ಕೊಟ್ಟಿತು: ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು. ಕರ್ನಾಟಕದಲ್ಲಿ ಪೋಷಕರಿಂದ ಆಯ್ಕೆಯಾಗುವವರು 18 ಜನ, ಅವಧಿ 3 ವರ್ಷ, ಮುಖ್ಯ ಶಿಕ್ಷಕರೇ ಕಾರ್ಯದರ್ಶಿ. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಸರಿಯಾಗಿ ಖರ್ಚಾಯಿತೇ ಎಂದು ಗಮನಿಸುವುದು, ಇವು ಕಾಯ್ದೆಯಲ್ಲೇ ಬರೆದಿರುವ ಕೆಲಸಗಳು.

ಇನ್ನು ಆಯ್ಕೆ. ಪೋಷಕರ ಸಭೆ ಕರೆಯುತ್ತಾರೆ, ಬಹುತೇಕ ಕಡೆ ಅವಿರೋಧ ಆಯ್ಕೆಯೇ. ಅವಿರೋಧ ಅಂದರೆ ಹಿಂದಿನ ರಾತ್ರಿ ಯಾರದೋ ಜಗಲಿಯ ಮೇಲೆ ತೀರ್ಮಾನವಾಗಿದೆ ಅಂತ ಅರ್ಥ. ಮುಂದೆ ಗ್ರಾಮ ಪಂಚಾಯಿತಿಗೆ ನಿಲ್ಲುವ ಆಸೆ ಇರುವವರು ಇಲ್ಲಿಂದ ಶುರು ಮಾಡುತ್ತಾರೆ, ಆ ಕೇರಿಗೆ ಎಷ್ಟು, ಈ ಕೇರಿಗೆ ಎಷ್ಟು ಎಂಬ ಲೆಕ್ಕವೂ ನಡೆಯುತ್ತದೆ. ಅದಕ್ಕೆ ಬೇಸರ ಮಾಡಿಕೊಂಡು ದೂರ ಉಳಿಯಬೇಡಿ. ಸಭೆಗೆ ಮೊದಲು ನಿಮ್ಮ ಮಗಳ ಕ್ಲಾಸಿನ ನಾಲ್ಕು ತಾಯಂದಿರ ಜತೆ ಮಾತಾಡಿ. ಅವರು ಸಭೆಗೆ ಬಂದು ಕೈ ಎತ್ತಿದರೆ ಸಾಕು. ಮೊದಲ ಸಲವೇ ಅಧ್ಯಕ್ಷ ಸ್ಥಾನಕ್ಕೆ ಪಟ್ಟು ಹಿಡಿಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಸದಸ್ಯೆಯಾಗಿದ್ದರೂ ಪ್ರಶ್ನೆ ಕೇಳಬಹುದು, ಲೆಕ್ಕ ನೋಡಬಹುದು. ಅಧ್ಯಕ್ಷರಿಗೆ ಹೆಚ್ಚಾಗಿ ಸಿಗುವುದು ಸಹಿಯ ಜವಾಬ್ದಾರಿ, ಮತ್ತೆ ಶಾಲಾ ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಿಸುವ ಜವಾಬ್ದಾರಿ.

ಅಧಿಕಾರದ ಮಾತಿಗೆ ಬಂದರೆ, ಮೇಷ್ಟ್ರನ್ನು ವರ್ಗ ಮಾಡುವ, ಅಮಾನತು ಮಾಡುವ, ಹೊಸಬರನ್ನು ನೇಮಿಸುವ ಅಧಿಕಾರ ಸಮಿತಿಗೆ ಇಲ್ಲ. ಊರಲ್ಲಿ ಜನ ಹಾಗೆ ಅಂದುಕೊಂಡಿರುತ್ತಾರೆ, "ಏನಮ್ಮಾ, ಆ ಮೇಷ್ಟ್ರನ್ನ ಇನ್ನೂ ಎತ್ತಂಗಡಿ ಮಾಡಿಸಿಲ್ವಾ" ಅಂತ ಕೇಳುತ್ತಾರೆ. ಇರುವ ಅಸ್ತ್ರ ಒಂದೇ, ಅದು ನಡಾವಳಿ ಪುಸ್ತಕ. ಸಭೆಯಲ್ಲಿ ಏನೇ ಮಾತಾಡಿದರೂ ಅದರಲ್ಲಿ ಬರೆಯದಿದ್ದರೆ ಅದು ಮಾತಾಡಿದ ಹಾಗಲ್ಲ. ಬರೆದು, ಓದಿ ಹೇಳಿ, ಎಲ್ಲರ ಸಹಿ ಆದ ಠರಾವಿನ ಪ್ರತಿಯೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೋ ಪಂಚಾಯಿತಿಗೋ ಹೋಗಿ, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದರೆ ಅದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ಖಾಲಿ ಹಾಳೆಗೆ ಸಹಿ ಮಾಡಿಸಿಕೊಂಡು "ಆಮೇಲೆ ಬರ್ಕೋತೀವಿ" ಅನ್ನುವುದು ಎಷ್ಟೋ ಶಾಲೆಗಳಲ್ಲಿ ರೂಢಿ. ಕೆಟ್ಟ ಉದ್ದೇಶ ಇರಬೇಕೆಂದಿಲ್ಲ, ಹೆಡ್‌ಮಾಸ್ಟರಿಗೂ ನೂರೆಂಟು ದಾಖಲೆಗಳ ತಲೆನೋವು. ಆದರೂ ಒಪ್ಪಬೇಡಿ. "ಬರೀರಿ ಸರ್, ನಾನು ಕಾಯ್ತೀನಿ" ಅಂತ ಹೇಳಿ ಅಲ್ಲೇ ಬೆಂಚಿನ ಮೇಲೆ ಕೂತುಬಿಡಿ. ಎರಡು ಸಲ ಹಾಗೆ ಕೂತರೆ ಮೂರನೇ ಸಲ ಬರೆದೇ ಇಟ್ಟಿರುತ್ತಾರೆ.

ಹಣದ ವಿಷಯದಲ್ಲೂ ಅಷ್ಟೇ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಡಿ ಮಕ್ಕಳ ಸಂಖ್ಯೆ ನೋಡಿ ಶಾಲೆಗೆ ವರ್ಷಕ್ಕೊಮ್ಮೆ ಅನುದಾನ ಬರುತ್ತದೆ. ನೂರು ದಾಟಿ 250ರೊಳಗೆ ಮಕ್ಕಳಿದ್ದರೆ ಮಾರ್ಗಸೂಚಿಯ ಪ್ರಕಾರ 50,000 ರೂಪಾಯಿವರೆಗೆ, ಅದರಲ್ಲಿ ಶೇ 10ರಷ್ಟನ್ನಾದರೂ ಸ್ವಚ್ಛತೆಗೆ ಖರ್ಚು ಮಾಡಬೇಕು. ಕೇಳಲು ದೊಡ್ಡ ಮೊತ್ತ. ಕರೆಂಟ್ ಬಿಲ್ಲು, ಸೀಮೆಸುಣ್ಣ, ರಿಜಿಸ್ಟರುಗಳು, ಒಂದು ಮೋಟಾರ್ ರಿಪೇರಿ, ಒಡೆದ ಹೆಂಚು ಇಷ್ಟಕ್ಕೇ ಕರಗಿಹೋಗುತ್ತದೆ. ಚೆಕ್ಕಾಗಲಿ ಆನ್‌ಲೈನ್ ಪಾವತಿಯ ಕಾಗದವಾಗಲಿ, ಬಿಲ್ಲು ನೋಡದೆ ಸಹಿ ಹಾಕಬೇಡಿ. ಹಾಗಂತ ಪ್ರತಿ ರೂಪಾಯಿಗೂ ಅನುಮಾನಪಡುವ ಅಧ್ಯಕ್ಷರನ್ನೂ ನೋಡಿದ್ದೇನೆ. ಅಂಥ ಕಡೆ ಮುಖ್ಯ ಶಿಕ್ಷಕರು "ನನಗ್ಯಾಕೆ ತಂಟೆ" ಎಂದು ಅನುದಾನವನ್ನೇ ಖರ್ಚು ಮಾಡದೆ ವಾಪಸ್ ಹೋಗಲು ಬಿಡುತ್ತಾರೆ. ನಷ್ಟ ಮಕ್ಕಳಿಗೆ.

ಶಿಕ್ಷಕರ ಕೊರತೆಯ ಬಗ್ಗೆ ದೂರು ಕೊಡುವಾಗ ಗೋಳು ತೋಡಿಕೊಳ್ಳಬೇಡಿ, ಲೆಕ್ಕ ಕೊಡಿ. 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3 ಎಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ನಾವು ಅರ್ಜಿಯಲ್ಲಿ ಹಾಜರಾತಿಯ ಸಂಖ್ಯೆ, ಕಾಯ್ದೆಯ ಸಂಖ್ಯೆ, ಇರುವ ಶಿಕ್ಷಕರ ಸಂಖ್ಯೆ ಮೂರನ್ನೇ ಬರೆದಿದ್ದೆವು. ಕಾಯಂ ಶಿಕ್ಷಕರು ಬರಲಿಲ್ಲ, ಅತಿಥಿ ಶಿಕ್ಷಕಿಯೊಬ್ಬರು ಬಂದರು. ಮೇಷ್ಟ್ರು ಶಾಲೆಯಲ್ಲಿಲ್ಲ ಅಂದ ಕೂಡಲೇ ಜಗಳಕ್ಕೂ ಹೋಗಬೇಡಿ. ಚುನಾವಣೆ, ಜನಗಣತಿ ಕೆಲಸಕ್ಕೆ ಅವರನ್ನು ಹಾಕಲು ಕಾಯ್ದೆಯಲ್ಲೇ ಅವಕಾಶ ಇದೆ. ಚಲನವಲನ ವಹಿ ತೆಗೆದು ನೋಡಿ, ಎಲ್ಲಿಗೆ ಹೋಗಿದ್ದಾರೆ ಎಂದು ಗೊತ್ತಾಗುತ್ತದೆ.

ಯಾರೂ ನಿಮಗೆ ಹೇಳದ, ಆದರೆ ಮೊದಲ ತಿಂಗಳಲ್ಲೇ ಮಾಡಬೇಕಾದ ಕೆಲಸ ಒಂದಿದೆ. ಶಾಲೆಯ ಜಾಗ ಯಾರ ಹೆಸರಲ್ಲಿದೆ ಎಂದು ನೋಡಿ. ಹಳೆಯ ಶಾಲೆಗಳು ಎಷ್ಟೋ ಕಡೆ ಊರಿನ ಹಿರಿಯರೊಬ್ಬರು ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿವೆ. ಕೊಟ್ಟವರಿಗೆ ಮನಸ್ಸು ದೊಡ್ಡದು, ಮೊಮ್ಮಕ್ಕಳ ಕಾಲಕ್ಕೆ ಸೈಟಿನ ಬೆಲೆ ದೊಡ್ಡದು. ನಮಗೆ ಇದು ಗೊತ್ತಾಗಿದ್ದು ಕಾಂಪೌಂಡ್ ಕಟ್ಟಿಸಲು ಹೊರಟಾಗ. ನರೇಗಾದಲ್ಲಿ ಮಾಡಿಸೋಣ ಎಂದು ಪಂಚಾಯಿತಿಗೆ ಹೋದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೊದಲು ಕೇಳಿದ್ದು ಜಾಗದ ದಾಖಲೆ. ಶಾಲೆಯ ಬೀರುವಿನಲ್ಲಿ ಇದ್ದಿದ್ದು ಮಡಿಕೆಯ ಗೆರೆಯಲ್ಲಿ ಹರಿದುಹೋದ ಒಂದು ದಾನಪತ್ರದ ನಕಲು, ನೋಂದಣಿ ಆಗಿತ್ತೋ ಇಲ್ಲವೋ ಎಂದು ಹೇಳುವ ಪುಟವೇ ಇರಲಿಲ್ಲ. ಉಪನೋಂದಣಿ ಕಚೇರಿಯಲ್ಲಿ ಹುಡುಕಿಸಿ, ಸರ್ವೆಯವರನ್ನು ಕರೆಸಿ, ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತಿಸುವುದು) ಮಾಡಿಸಿ, ಪಂಚಾಯಿತಿಯಲ್ಲಿ ಶಾಲೆಯ ಹೆಸರಿಗೆ ಖಾತೆ ಆಗುವ ಹೊತ್ತಿಗೆ ಮಕ್ಕಳು ಒಂದು ಕ್ಲಾಸು ಪಾಸಾಗಿದ್ದರು. ಅಳತೆ ಮಾಡಿದಾಗ ಪಕ್ಕದವರ ಹುಲ್ಲಿನ ಬಣವೆ ಶಾಲೆಯ ಜಾಗದಲ್ಲಿತ್ತು. ಅವರ ಮಗನೂ ನಮ್ಮ ಶಾಲೆಯಲ್ಲೇ ಮೂರನೇ ಕ್ಲಾಸು. ಪೊಲೀಸು, ಕೋರ್ಟು ಅನ್ನದೆ, ಆ ಹುಡುಗನ ಅಜ್ಜಿಯನ್ನೇ ಕರೆದು ಕಲ್ಲು ನೆಟ್ಟ ಜಾಗ ತೋರಿಸಿದೆವು. "ಸುಗ್ಗಿ ಮುಗೀಲಿ, ಎತ್ತಿಸ್ತೀನಿ" ಅಂದರು, ಎತ್ತಿಸಿದರು. ಆಮೇಲೆ ಗ್ರಾಮಸಭೆಯಲ್ಲಿ ಕಾಮಗಾರಿಯನ್ನು ಕ್ರಿಯಾ ಯೋಜನೆಗೆ ಸೇರಿಸಿಸಿದ ಮೇಲೆ ಗೋಡೆ ಎದ್ದಿತು. ಗ್ರಾಮಸಭೆಯ ದಿನ ಅಧ್ಯಕ್ಷೆ ಒಬ್ಬಳೇ ಹೋದರೆ ಆಗುವುದಿಲ್ಲ, ಹತ್ತು ಜನ ಪೋಷಕರು ಹೋಗಿ ಕೂರಬೇಕು.

ಬಿಸಿಯೂಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಗಾಗ ಹೇಳದೆ ಕೇಳದೆ ಹೋಗಿ, ಮಕ್ಕಳ ಪಂಕ್ತಿಯಲ್ಲೇ ಕೂತು ಊಟ ಮಾಡಿ. ಬೇಳೆ ಎಷ್ಟು ಹಾಕಿದ್ದಾರೆ ಎಂದು ಸಾರೇ ಹೇಳುತ್ತದೆ. ತಪ್ಪು ಕಂಡರೆ ಅಡುಗೆಯವರ ಮೇಲೆ ಮಕ್ಕಳ ಮುಂದೆ ಕೂಗಾಡಬೇಡಿ, ಅವರ ಗೌರವಧನ ಎಷ್ಟು, ಅದು ಯಾವ ತಿಂಗಳಿಂದ ಬಂದಿಲ್ಲ ಅಂತ ಮೊದಲು ಕೇಳಿ.

ನಿಮ್ಮ ಮಗಳು ಈಗ ನಾಲ್ಕನೇ ಕ್ಲಾಸು ಅಂದಿರಲ್ಲ, ಈ ಸಲ ಆಯ್ಕೆಯಾದರೆ ಅವಳು ಏಳನೇ ಕ್ಲಾಸು ಮುಗಿಸುವ ಹೊತ್ತಿಗೆ ನಿಮ್ಮ ಅವಧಿಯೂ ಮುಗಿಯುತ್ತದೆ. ಮಗು ಶಾಲೆ ಬಿಟ್ಟರೆ ಪೋಷಕರ ಸದಸ್ಯತ್ವವೂ ಹೋಗುತ್ತದೆ. ಆದ್ದರಿಂದ ಎರಡನೇ ವರ್ಷದಿಂದಲೇ ಒಂದನೇ, ಎರಡನೇ ಕ್ಲಾಸಿನ ಮಕ್ಕಳ ತಾಯಂದಿರಲ್ಲಿ ಒಬ್ಬಿಬ್ಬರನ್ನು ಬಿಇಒ ಕಚೇರಿಗೆ, ಪಂಚಾಯಿತಿಗೆ ಜತೆಗೆ ಕರೆದುಕೊಂಡು ಹೋಗಿ. ಯಾವ ಟೇಬಲ್ಲಿಗೆ ಯಾವ ಅರ್ಜಿ ಅನ್ನುವುದು ಅವರಿಗೂ ಗೊತ್ತಿರಲಿ. ಜಾಗದ ದಾಖಲೆ ಮತ್ತು ಸ್ವೀಕೃತಿ ಪಡೆದ ಅರ್ಜಿಗಳ ಒಂದೊಂದು ಜೆರಾಕ್ಸ್ ಶಾಲೆಯ ಬೀರುವಿನಲ್ಲೂ ಇರಲಿ, ಇನ್ನೊಂದು ಪ್ರತಿ ಸಮಿತಿಯವರೊಬ್ಬರ ಮನೆಯಲ್ಲೂ ಇರಲಿ. ಹೆಡ್‌ಮಾಸ್ಟರು ವರ್ಗವಾಗಿ ಹೋದಾಗ ಬೀರುವಿನ ಬೀಗದ ಕೈ ಹುಡುಕುವುದೇ ಒಂದು ಕೆಲಸ ಆಗುತ್ತದೆ.