ಬಚ್ಚಲು ಗೋಡೆ ಮೇಲೆ ತೆವಳುವ ಸೌತೆಬೀಜ ಯಾವ ಹುಳ?

ಸೌತೆಬೀಜದಂಥ ಬೂದು ಚೂರು ಗೋಡೆ ಮೇಲೆ ತೆವಳುತ್ತದೆ, ಒಮ್ಮೆ ಈ ತುದಿಯಿಂದ, ಒಮ್ಮೆ ಆ ತುದಿಯಿಂದ ತಲೆ ಹೊರಬರುತ್ತದೆ, ಏನಿದು ಎಂದು ಕೇಳಿದ್ದೀರಿ. ಎರಡು ತಲೆ ಹುಳವೇನಲ್ಲ. ಅದು ಚೀಲ. ಎರಡೂ ಕಡೆ ಬಾಯಿ, ನಡುವೆ ಅಗಲ. ಹುಳ ಒಳಗೇ ಮಡಚಿಕೊಂಡು ತಿರುಗಿ ಇನ್ನೊಂದು ಬಾಗಿಲಲ್ಲಿ ಇಣುಕುತ್ತದೆ, ಅಷ್ಟೇ.

ಇದು ಫೆರಿಯೀಕಾ (Phereoeca) ಎಂಬ ಪುಟ್ಟ ಪತಂಗದ ಮರಿ. ಇಂಗ್ಲಿಷಿನಲ್ಲಿ ಹೌಸ್‌ಹೋಲ್ಡ್ ಕೇಸ್‌ಬೇರರ್ ಅಂತಾರೆ. ಯುಟೆರೆಲ್ಲಾ ಎಂಬ ಜಾತಿಯ ಹೆಸರು ಜಾಸ್ತಿ ಕೇಳಿಬರುತ್ತದೆ. ಆದರೆ ಪಕ್ಕಾ ಜಾತಿ ಹೇಳಲು ಚೀಲದ ಫೋಟೊ ಸಾಲದು, ರೆಕ್ಕೆ ಬಂದ ಪತಂಗವೇ ಬೇಕು.

ನಾನೊಮ್ಮೆ ಒಂದನ್ನು ಖಾಲಿ ಉಪ್ಪಿನಕಾಯಿ ಬಾಟಲಿಯಲ್ಲಿ ಸಾಕಿದ್ದೆ. (ಮನೆಯವರ ಬೈಗುಳ ಬೇರೆ ಕಥೆ.) ಭೂತಗನ್ನಡಿ ಹಿಡಿದರೆ ಚೀಲದ ಮೇಲೆ ಮರಳು, ಸುಣ್ಣದ ಪುಡಿ, ಒಂದು ಇರುವೆ ಕಾಲು, ಒಂದು ಕೆಂಪು ನೂಲು. ನೂಲು ನಮ್ಮ ಕಾಲೊರಸಿನದೇ! ಒಳಗೆ ಮಾತ್ರ ನಯವಾದ ರೇಷ್ಮೆ ಲೈನಿಂಗ್. ಜೇಡರ ಬಲೆ ಚೂರು ಹಾಕಿದರೆ ಆಸೆಯಿಂದ ತಿನ್ನುತ್ತಿತ್ತು. ಹಳೇ ಬಲೆ ಇದಕ್ಕೆ ಹಬ್ಬದೂಟ. ಸತ್ತ ಹುಳ, ಉದುರಿದ ಕೂದಲು, ಉಣ್ಣೆಯೂ ಆಗುತ್ತದೆ.

ತಾಯಿ ಪತಂಗ ಸಂದುಗೊಂದುಗಳಲ್ಲಿ ಮೊಟ್ಟೆ ಇಡುತ್ತದೆ. ಸುಮಾರು 10 ದಿನಕ್ಕೆ ಮರಿ. ಅದು ಮೊದಲು ಮಾಡುವ ಕೆಲಸವೇ ಚೀಲ ಕಟ್ಟುವುದು. ಮೈ ಬೆಳೆದಂತೆ ಚೀಲವನ್ನೂ ದೊಡ್ಡದು ಮಾಡಿಕೊಳ್ಳುತ್ತದೆ, ಕೊನೆಗೆ 8ರಿಂದ 14 ಮಿ.ಮೀ. ಉದ್ದ. ಹೀಗೆ ಸುಮಾರು 50 ದಿನ. ಆಮೇಲೆ ಗೋಡೆ ಹತ್ತಿ, ಚೀಲವನ್ನು ಅಂಟಿಸಿ, ಒಳಗೇ ಕೋಶವಾಗುತ್ತದೆ. ಎರಡು ವಾರ ಕಳೆದು ಹೊರಬರುವ ಬೂದು ಪತಂಗ ರೆಕ್ಕೆ ಬಿಚ್ಚಿದರೂ ಒಂದು ಸೆಂಟಿಮೀಟರಿನ ಆಸುಪಾಸು. ರೆಕ್ಕೆ ಮೇಲೆ ಕಪ್ಪು ಚುಕ್ಕೆ. ಅದು ಏನೂ ತಿನ್ನುವುದಿಲ್ಲ.

ಕಚ್ಚುವುದಿಲ್ಲ, ಸುಮ್ನೆ ವಿಷ ಹೊಡೆಯಬೇಡಿ. ತೇವ ಇದ್ದಲ್ಲಿ ಜಾಸ್ತಿ, ಹಾಗಾಗಿ ಬಚ್ಚಲಿನ ಕಿಟಕಿ ತೆರೆದಿಡಿ, ಜೇಡರ ಬಲೆ ಗುಡಿಸಿ. ಉಣ್ಣೆ ಶಾಲು, ಸ್ವೆಟರ್ ಇದ್ದರೆ ಆಗಾಗ ಕೊಡವಿ.

ಮೇಲುಗೋಡೆಯಲ್ಲಿ ಅಲ್ಲಾಡದೆ ನೇತಾಡುವ ಚೀಲಗಳೂ ಇವೆ ಅಂದಿರಲ್ವಾ? ತುದಿಯಲ್ಲಿ ಕಂದು ಸಿಪ್ಪೆ ಅರ್ಧ ಹೊರಬಂದಿದ್ದರೆ ಪತಂಗ ಆಗಲೇ ಹಾರಿಹೋಗಿದೆ, ಮನೆ ಖಾಲಿ.