ಎಷ್ಟೋ ಕಡೆ ಅರ್ಜಿ ಹಾಕಿದರೂ ಇಂಟರ್‌ವ್ಯೂಗೆ ಕರೆಯೇ ಬರುವುದಿಲ್ಲ, ಯಾಕೆ?

ಅರ್ಹತೆ ಇಲ್ಲ ಅಂತಲೇ ಅಲ್ಲ. ಈಗ ಒಂದು ಬಟನ್ ಒತ್ತಿದರೆ ಅರ್ಜಿ ಹೋಗುತ್ತದೆ, ಹಾಗಾಗಿ ಎಲ್ಲರೂ ಎಲ್ಲದಕ್ಕೂ ಹಾಕುತ್ತಾರೆ. ಆ ರಾಶಿಯನ್ನು ಎಚ್‌ಆರ್‌ನವರು ಎಷ್ಟೋ ಸಲ ಸಾಫ್ಟ್‌ವೇರ್‌ನಲ್ಲಿ ಪದ ಹುಡುಕಿ ಸೋಸುತ್ತಾರೆ. ಜಾಹೀರಾತಿನಲ್ಲಿ 'ಪೇರೋಲ್' ಅಂತಿದ್ದು, ನಿಮ್ಮ ರೆಸ್ಯೂಮೆಯಲ್ಲಿ 'ಸಂಬಳದ ಲೆಕ್ಕ' ಅಂತಿದ್ದರೆ ನೀವು ಅವರ ಕಣ್ಣಿಗೇ ಬೀಳದಿರಬಹುದು. ನಿಜವಾಗಿ ಮಾಡಿದ ಕೆಲಸವಾದರೆ ಅವರ ಪದವನ್ನೇ ಬಳಸಿ.

ಇನ್ನು ಕೆಲವು ಜಾಹೀರಾತುಗಳ ಹಿಂದೆ ಕೆಲಸವೇ ಇರುವುದಿಲ್ಲ! ಮುಂದೆ ಬೇಕಾದೀತು ಅಂತ ಸುಮ್ನೆ ರೆಸ್ಯೂಮೆ ಕೂಡಿಹಾಕುತ್ತಿರುತ್ತಾರೆ. ತಿಂಗಳುಗಟ್ಟಲೆ ಹಾಗೇ ಇರುವ ಜಾಹೀರಾತಿನ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ನನ್ನ ಕೇಳಿದರೆ, ಅಲ್ಲೇ ಕೆಲಸ ಮಾಡುವವರ ಒಂದು ರೆಫರಲ್ ಹತ್ತಾರು ಅರ್ಜಿಗಿಂತ ಮೇಲು. ಆದರೆ 'ಕೆಲಸ ಕೊಡಿಸಿ' ಅಂತ ಕೇಳಬೇಡಿ. ಹುದ್ದೆಯ ಲಿಂಕ್, ನಿಮ್ಮ ಬಗ್ಗೆ ಮೂರು ಸಾಲು, ರೆಸ್ಯೂಮೆ ಕಳಿಸಿ. ಅವರು ಅದನ್ನೇ ಫಾರ್ವರ್ಡ್ ಮಾಡಿಬಿಡಬಹುದು.